ಚೌಡಮ್ಮ ಹೂ ಕೊಡದ ಅಪೀಲು

ನಮ್ಮ ಯಜಮಾನರು ನಟರಾಜು, ಹೈಕೋರ್ಟಿನಲ್ಲಿ ವಕೀಲರಿಲ್ಲದೆ ತಾವೇ ನಿಂತು ವಾದ ಮಾಡಿದವರು. ಅವರು ತೀರಿಕೊಂಡು ಎರಡು ವರ್ಷವಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಇದ್ದಿದ್ದರೆ ಪ್ರತಿ ಸಾಲನ್ನೂ ತಿದ್ದುತ್ತಿದ್ದರು.

ಪಕ್ಕದ ಮನೆಯ ಕೆಂಪಣ್ಣ, ಬಚ್ಚಲ ನೀರಿನ ಜಗಳದ ಸಿಟ್ಟಿಗೆ, ಎರಡು ಮನೆಗಳ ನಡುವಿನ ಮೂರಡಿ ಓಣಿಗೆ ಅಡ್ಡಗೋಡೆ ಕಟ್ಟಿಬಿಟ್ಟ. ನಮ್ಮ ಹಿತ್ತಲ ಕೊಟ್ಟಿಗೆಗೆ ಇದ್ದ ದಾರಿ ಅದೊಂದೇ. ಅಂದಿನಿಂದ ಎಮ್ಮೆ ಬೀದಿ ಬಾಗಿಲಲ್ಲಿ ಒಳಗೆ ಬಂದು, ನಡುಮನೆ ದಾಟಿ ಹಿತ್ತಲಿಗೆ ಹೋಗುತ್ತಿತ್ತು. ಹನ್ನೊಂದು ವರ್ಷ. ಬಂದ ನೆಂಟರು ಕಾಲು ಮಡಚಿ ದಾರಿ ಬಿಡಬೇಕು.

ಕೇಸು ಹಾಕಿ ಹೊಳೆನರಸೀಪುರದಲ್ಲಿ ಸೋತೆವು, ಹಾಸನದಲ್ಲೂ ಸೋತೆವು. ಹೈಕೋರ್ಟಿಗೆ ಹೋಗುವ ಮೊದಲು ಊರ ಚೌಡಮ್ಮನಲ್ಲಿ ಹೂ ಕೇಳಬೇಕೆಂದರು ಇವರು. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ, ಎಡಗಡೆಯಿಂದ ಬಿದ್ದರೆ ಬೇಡ. ಮಂಗಳವಾರ ಮಂಗಳವಾರ ಕೇಳಿದರು, ಎಡವೇ. ಬಲಕ್ಕೆ ಬೀಳುವ ಹೊತ್ತಿಗೆ ಅಪೀಲಿಗಿದ್ದ ಮೂರು ತಿಂಗಳ ವಾಯಿದೆ ಮುಗಿದು ವರ್ಷವಾಗಿತ್ತು. ತಡವಾದ ಕಾರಣ ಬರೆದುಕೊಡಬೇಕಂತೆ. ವಕೀಲರು, “ಕಾಮಾಲೆ ಆಗಿತ್ತು ಅಂತ ಬರೆಯಣ” ಅಂದರು.

“ಕೋರ್ಟ್ನಾಗೆ ಸುಳ್ಳು ಏಳಾದಾ?” ಎಂದು ಇವರು ಫೈಲು ಕಿತ್ತುಕೊಂಡು ಬಂದು, ಇದ್ದದ್ದನ್ನೇ ಬರೆದರು.

ಬೆಂಗಳೂರಿಗೆ ನಾನೂ ಹೋಗಿದ್ದೆ. ಜಡ್ಜು ಓದಿ ತಲೆ ಎತ್ತಿದರು. “ಅರವತ್ತೈದು ವಾರ ಹೂ ಬೀಳಲಿಲ್ಲವೇ?”

“ಬಿತ್ತು ಸಾ. ಎಡಕ್ಕೆ.”

“ಇದಕ್ಕೆ ಸಾಕ್ಷಿ?”

“ಪೂಜಾರಪ್ಪ ಅವ್ನೆ. ಅಮ್ಮನ್ನ ಇಲ್ಲಿಗೆ ಕರ್ಸಕಾಗಕಿಲ್ಲ ಸಾ.”

ಅಪೀಲು ವಜಾ ಆಯಿತು. ಪೂಜಾರಿಯ ಸಹಿ ಹಾಕಿಸಿ, ಮತ್ತೊಮ್ಮೆ ನೋಡಿ ಎಂದು ಅರ್ಜಿ ಕೊಟ್ಟರು. ಮತ್ತೆ ನೋಡುವಂಥದ್ದು ಏನೂ ಇಲ್ಲವೆಂದು ಎರಡೇ ನಿಮಿಷದಲ್ಲಿ ಅದನ್ನೂ ತಳ್ಳಿಹಾಕಿದರು.

ಮಾರನೆಯ ಬೆಳಿಗ್ಗೆ ಕೆಂಪಣ್ಣ ಹಾರೆ ಹಿಡಿದು ಬಾಗಿಲಿಗೆ ಬಂದ.

“ಅಣ್ಣ, ಕೇಸು ಮುಗೀತಲ್ಲ, ಗೋಡೆ ಒಡ್ದಾಕ್ತೀನಿ. ಕೇಸು ಇರಗಂಟ ಮುಟ್ಟಬ್ಯಾಡ, ತಪ್ಪು ಒಪ್ಕಂಡಂಗಾಯ್ತದೆ ಅಂದಿದ್ರು ನಮ್ ಲಾಯ್ರು. ಸಿಟ್ಟು ಇಳ್ದು ಅತ್ತು ವರ್ಸ ಆಯ್ತು.”

“ಮುಟ್ಟೀಯ ಜ್ವಾಕೆ. ನ್ಯಾಯ್ವಾಗಿ ಸೋತಿವ್ನಿ. ಅದು ನಿನ್ ಗೋಡೆ ಕಣ್ಲಾ.”

“ಎಮ್ಮೆ ಮನೆ ಒಳಗೇ ಓಗ್ಬೇಕಾ ಅಣ್ಣ?”

“ಓಗ್ಲಿ. ಒಡೀಲೇಬೇಕು ಅಂದ್ರೆ ನನ್ ಮ್ಯಾಲೆ ಕೇಸಾಕು.”

ಕೆಂಪಣ್ಣ ನನ್ನ ಮುಖ ನೋಡಿದ. ಇವರು ಸಂತೆಗೆ ಹೊರಟ ಮೇಲೆ, “ಬರಾದ್ರೊಳ್ಗೆ ಕೆಡ್ವಾಕಪ್ಪ” ಅಂದೆ. ಮಣ್ಣು ಬಾಚಲು ನಾನೇ ಮಂಕರಿ ಹಿಡಿದೆ.

ಸಂಜೆ ಎಮ್ಮೆ ಓಣಿಯಲ್ಲಿ ಹೋಯಿತು. ನಮ್ಮವರು ಮಾತ್ರ ಸಾಯುವ ತನಕ ಅಲ್ಲಿ ಕಾಲಿಡಲಿಲ್ಲ. ಹಾಲು ಕರೆಯಲು ನಡುಮನೆ ದಾಟಿಕೊಂಡೇ ಕೊಟ್ಟಿಗೆಗೆ ಹೋಗುತ್ತಿದ್ದರು.