ಕೊರೆಯದ ಬೋರಿಗೆ ಸಹಿ

ಮೂವತ್ತು ವರ್ಷ ನೆಲ ಕೊರೆದವನಿಗೆ ಜೊತೆಯವರು ಇಟ್ಟ ಹೆಸರು ಅನುಮಾನಣ್ಣ. “ನೀರು ಬಂತಾ?” ಎಂದು ಕೇಳಿದವರಿಗೆಲ್ಲ, “ನಾನು ಹುಡುಕೋದು ಬಂಡೆ ಸ್ವಾಮಿ” ಎನ್ನುತ್ತಿದ್ದ. ಸೇತುವೆಯ ಕಂಬ ಎಬ್ಬಿಸುವ ಮುನ್ನ ಬಂಡೆ ಎಷ್ಟು ಆಳದಲ್ಲಿದೆ ಎಂದು ಬೋರು ಹಾಕಿ ನೋಡುವುದು ಅವನ ಕೆಲಸ. ಮೇಲೆ ಬಂದ ಮಣ್ಣನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸುವುದು ಹೆಂಡತಿಯ ಪಾಲು.

ರೈಲು ಹಳಿಯ ಮೇಲಿನ ಹೊಸ ಸೇತುವೆಗೆ ಐದು ಬೋರು ಮುಗಿದಿದ್ದವು. ಐದರಲ್ಲೂ ನಾಲ್ಕೇ ಮೀಟರಿಗೆ ಬಂಡೆ. ಎಂಜಿನಿಯರು ಕುಣಿಯುವುದೊಂದು ಬಾಕಿ; ಉದ್ಘಾಟನೆಯ ತಾರೀಖನ್ನು ಆಗಲೇ ಫಲಕಕ್ಕೆ ಬರೆಸಿದ್ದರು. ಆರನೆಯದು, ನಡುಕಂಬದ್ದು, ಆಸ್ಪತ್ರೆಯ ಬಟ್ಟೆ ಒಗೆಯುವ ಅಂಗಳದಲ್ಲಿ. ಕೊರೆಯುವ ಯಂತ್ರ ಹೊತ್ತ ಲಾರಿ ಅಲ್ಲಿಗೆ ಹೋಗದು.

“ಅದೂ ನಾಲ್ಕೇ ಅಂತ ಬರೆದು ಸಹಿ ಹಾಕಯ್ಯ. ಐದು ಸಲ ಸಿಕ್ಕಿದ ಬಂಡೆ ಆರನೇ ಸಲ ಓಡಿಹೋಗುತ್ತಾ?” ಎಂದರು ಎಂಜಿನಿಯರು.

“ಐದೂ ರಸ್ತೆ ಪಕ್ಕದವು ಸಾರ್. ಲಾರಿ ನಿಲ್ಲೋ ಕಡೆ ಕೊರೆದಿದ್ದೀವಿ, ಕಂಬ ನಿಲ್ಲೋ ಕಡೆ ಅಲ್ಲ.”

“ಶುರುವಾಯ್ತು ನಿನ್ನ ಅನುಮಾನ! ಆಗಲ್ಲ ಅಂದ್ರೆ ನಾಳೆ ಬೇರೆಯವನು ಬರ್ತಾನೆ.”

ಕಾಣದ್ದನ್ನು ಕಂಡೆ ಎನ್ನುವವನಿಗೆ ನಮ್ಮಲ್ಲಿ ಬಡ್ತಿ. ನೋಡಿ ಹೇಳುತ್ತೇನೆ ಎನ್ನುವವನಿಗೆ ಬೆದರಿಕೆ. ಸೇತುವೆ ಬಾಗಿದ ಮೇಲೆ ‘ಅನಿರೀಕ್ಷಿತ’ ಎಂದು ಕೈ ತೊಳೆದುಕೊಳ್ಳುತ್ತೇವೆ. ನೋಡಲು ಒಲ್ಲದ್ದಕ್ಕೆ ಎಂಥ ಮರ್ಯಾದಸ್ಥ ಹೆಸರು!

ಕೆಲಸ ಹೋದರೂ ಕೊರೆಯದ ಬೋರಿಗೆ ಅವನು ಸಹಿ ಹಾಕಲಾರ. ಗೋಗರೆದು ಒಂದು ದಿನ ಪಡೆದ. ಯಂತ್ರವನ್ನು ಬಿಚ್ಚಿ, ಒದ್ದೆ ಚಾದರಗಳ ನಡುವೆ ಗಂಡ ಹೆಂಡತಿ ಒಂದೊಂದೇ ಕಬ್ಬಿಣ ಹೊತ್ತರು.

“ಮನೇಲಿ ಹಾಸಿಗೆ ಮಡಚೋಕೆ ಸೊಂಟ ನೋವು, ಇಲ್ಲಿ ಹುರುಪು ನೋಡು!” ಎಂದಳು ಹೆಂಡತಿ.

“ಚಾದರಕ್ಕೆ ಒಂದು ಹನಿ ಕೆಸರು ಬಿತ್ತೋ, ನಿನ್ನನ್ನೇ ಒಗೆದು ಒಣಹಾಕ್ತೀವಿ ಅಣ್ಣಾ!” ಎಂದರು ಒಗೆಯುವ ಹೆಂಗಸರು.

ನಾಲ್ಕು ಮೀಟರು: ಬಂಡೆಯಿಲ್ಲ. ಎಂಟು: ಬೆಣ್ಣೆಯಂಥ ಕಪ್ಪು ಕೆಸರು. ಹನ್ನೆರಡಕ್ಕೆ ಹೆಂಗಸರು ಒಗೆತ ಬಿಟ್ಟು ಸುತ್ತ ನಿಂತು ಜೋರಾಗಿ ಎಣಿಸತೊಡಗಿದರು. ಹತ್ತೊಂಬತ್ತಕ್ಕೆ ಠಣ್! ಅಂಗಳಕ್ಕೆ ಅಂಗಳವೇ ಕೇಕೆ ಹಾಕಿತು.

ಸಂಜೆ ಬಂದ ಎಂಜಿನಿಯರು ಪೆಟ್ಟಿಗೆಯ ಕೆಸರಿಗೆ ಬೆರಳಿಟ್ಟರು. ಬೆರಳು ಸಲೀಸಾಗಿ ಇಳಿಯಿತು.

“ನಾಲ್ಕು ಮೀಟರಿಗೇ ಕಟ್ಟಿದ್ರೆ, ಕಂಬ ಇದರ ಮೇಲೆ ನಿಲ್ತಿತ್ತಾ?”

“ನಿಲ್ತಿರಲಿಲ್ಲ ಸಾರ್, ಮಲಗ್ತಿತ್ತು,” ಎಂದಳು ಹೆಂಡತಿ.

ಮೊದಲು ನಕ್ಕವರು ಎಂಜಿನಿಯರೇ. ಆಮೇಲೆ ಕೇಳಿದರು: “ಇಲ್ಲಿಂದ ಎಡಕ್ಕೆ ಏನಿದೆ? ಕೆಸರೋ, ಬಂಡೆಯೋ?”

“ಗೊತ್ತಿಲ್ಲ ಸಾರ್.”

ಮೂವತ್ತು ವರ್ಷದಲ್ಲಿ ಆ ಮಾತಿಗೆ ಬೈಗುಳ ಬೀಳದಿದ್ದದ್ದು ಅದೇ ಮೊದಲು.

“ಹಾಗಾದ್ರೆ ನಾಳೆ ಅಲ್ಲೂ ಕೊರಿ,” ಎಂದ ಎಂಜಿನಿಯರು ಪ್ಯಾಂಟು ಮಡಚಿ, ಯಂತ್ರದ ಒಂದು ಕಾಲು ಹಿಡಿದು ಎತ್ತಿದರು.