ಇರ್ಲಿ ಅಂತ ಇನ್ನೊಂದು ಸುತ್ತು

ನಮ್ಮ ಕಾರು ಸೋರಲು ಶುರುಮಾಡಿದ್ದು ಆಯುಧಪೂಜೆಯ ವಾರದಲ್ಲಿ. ಸೋರಿಕೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕುವುದಿಲ್ಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರ ಗಾಡಿಯ ಮುಂದೆಯೂ ಬೂದುಗುಂಬಳ ಒಡೆದು, ಕುಂಕುಮದ ನೀರು ಹರಿದು ನೆಲವೆಲ್ಲ ಕೆಂಪಾಗಿತ್ತು. ಗೇರ್‌ಬಾಕ್ಸಿನ ಎಣ್ಣೆಯೂ ಕೆಂಪೇ. ನಮ್ಮ ಕಾರಿನ ಕೆಳಗಿನ ಕಲೆಯ ಬಗ್ಗೆ ಕೇಳಿದವರಿಗೆ ನಾನು ಕುಂಬಳಕಾಯಿಯ ಕಡೆ ಕೈ ತೋರಿಸಿದೆ. ದೀಪಾವಳಿಯವರೆಗೂ ತೋರಿಸಿದೆ. ಕಾರ್ತಿಕ ಮಾಸವೂ ಮುಗಿಯುತ್ತ ಬಂದಾಗ, ಒಂದು ಕುಂಬಳಕಾಯಿ ಇಷ್ಟು ದಿನ ಒಸರುವುದು ಶಾಸ್ತ್ರಕ್ಕೂ ಸಸ್ಯಶಾಸ್ತ್ರಕ್ಕೂ ವಿರುದ್ಧವೆಂದು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಯವರು ತೀರ್ಮಾನಿಸಿದರು.

ಕಾರ್ಯದರ್ಶಿಯವರು ದಾವಣಗೆರೆ ಕಡೆಯ ನಿವೃತ್ತ ಹೆಡ್‌ಮೇಡಂ. ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಕೈಯಲ್ಲಿ ಸದಾ ಒಂದು ಟಾರ್ಚು. ನೆಲಮಾಳಿಗೆಯ ನೆಲಕ್ಕೆ ಆಗಷ್ಟೇ ಹೊಸ ಬೂದುಬಣ್ಣ ಬಳಿಸಿದ್ದರು. ಅದರ ಮೇಲೆ ಅವರಿಗೆ ಮಾತೃಪ್ರೇಮ. ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು.

“ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದು ನೋಡ್ತೀನ್ರಿ. ಒಂದು ಹನಿ ಕಂಡ್ರೂ ಗಾಡಿ ಗೇಟಿನ ಹೊರಗ,” ಎಂದರು.

ಗೇಟಿನ ಹೊರಗೆ ಎಂದರೆ ಚಿಕ್ಕಬಾಣಾವರದ ರಸ್ತೆ. ನೀರಿನ ಟ್ಯಾಂಕರುಗಳು ಮೈ ಉಜ್ಜಿಕೊಂಡು ಹೋಗುವ ಆ ರಸ್ತೆಯ ಅಂಚಿನಲ್ಲಿ, ನನಗಿಂತ ಎರಡೇ ವರ್ಷ ಚಿಕ್ಕದಾದ ಆ ಕಾರು ಒಂದು ತಿಂಗಳು ಬಾಳುತ್ತಿರಲಿಲ್ಲ. ಅಲ್ಲಿಂದ ಮುಂದಿನ ನಿಲ್ದಾಣ ಗುಜರಿ. ನಾನು ಮೂವತ್ತೊಂದು ವರ್ಷ ದುಡಿದ ಪೀಣ್ಯದ ಪಂಪು ಕಾರ್ಖಾನೆ ಮುಚ್ಚಿದ ದಿನ, ಅದರ ಯಜಮಾನರು ಶಾಲು ಹೊದಿಸುವ ಬದಲು ಕೊಟ್ಟುಹೋದ ಕಾರು ಅದು. ಯಾವ ಕಾಲದಲ್ಲೋ ಹಡಗಿನಲ್ಲಿ ಬಂದದ್ದು. ಅದರ ಗೇರನ್ನು ನಾವು ಹಾಕುವಂತಿಲ್ಲ, ತಾನೇ ಹಾಕಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಸ್ವಾಭಿಮಾನಿ. ಆ ಗೇರ್‌ಬಾಕ್ಸಿನ ಹೊಟ್ಟೆಯ ಕೆಳಗೆ ಮೈಸೂರು ಪಾಕಿನ ತಟ್ಟೆಯಂಥ ಒಂದು ತಗಡಿನ ತಟ್ಟೆ. ಎಣ್ಣೆಯೆಲ್ಲ ಅದರಲ್ಲೇ ನಿಲ್ಲಬೇಕು. ತಟ್ಟೆಗೂ ಡಬ್ಬಕ್ಕೂ ನಡುವೆ ಕಾರ್ಕಿನ ಹಾಳೆಯಿಂದ ಕತ್ತರಿಸಿದ ಒಂದು ಪಟ್ಟಿ, ಅದೇ ಗ್ಯಾಸ್ಕೆಟ್ಟು. ಸುತ್ತ ಹದಿನಾಲ್ಕು ಬೋಲ್ಟು. ಇಷ್ಟೇ ವಿಷಯ. ಇಷ್ಟನ್ನು ನಾನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದೆ. ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ಸೋರಿತ್ತು.

ಇಲ್ಲಿ ನನ್ನ ಅರ್ಹತೆಯನ್ನು ಹೇಳಿಕೊಳ್ಳಬೇಕು. ಕಾರ್ಖಾನೆಯಲ್ಲಿ ನಾನು ಜೋಡಣೆ ವಿಭಾಗದ ಫೋರ್‌ಮನ್. ನಾನು ಬಿಗಿದ ಬೋಲ್ಟನ್ನು ಬಿಚ್ಚಿದವರಿಲ್ಲ ಎಂದು ಬೀಳ್ಕೊಡುಗೆಯ ದಿನ ಮೂವರು ಭಾಷಣ ಮಾಡಿದರು. ನನ್ನ ಕಸುಬಿನ ಗುಟ್ಟು ಒಂದೇ ಶಬ್ದ: ಇರ್ಲಿ. ಬೋಲ್ಟು ಬಿಗಿಯಾದ ಮೇಲೆ, ಇರ್ಲಿ ಅಂತ ಇನ್ನೊಂದು ಸುತ್ತು. ಆ ಅಭ್ಯಾಸ ಮನೆಗೂ ಬಂದಿತ್ತು. ಸಾರಿಗೆ ಇರ್ಲಿ ಅಂತ ಇನ್ನೊಂದು ಚಿಟಿಕೆ ಉಪ್ಪು, ಬಾಗಿಲಿಗೆ ಇರ್ಲಿ ಅಂತ ಇನ್ನೊಂದು ಚಿಲಕ. ಮೂರನೆಯ ಸಲ ಗ್ಯಾಸ್ಕೆಟ್ಟನ್ನೂ ಒಂದರ ಮೇಲೊಂದು ಎರಡು ಹಾಕಿದ್ದೆ, ಇರ್ಲಿ ಅಂತ. ನನ್ನ ಹೆಂಡತಿ ಅದನ್ನು ನೋಡಿ, ಮದುವೆಯಲ್ಲಿ ನೀವು ಮೂರಕ್ಕೇ ಗಂಟು ನಿಲ್ಲಿಸಿದ್ದು ಪುರೋಹಿತರ ಪುಣ್ಯ ಎಂದಿದ್ದಳು.

ಶುಕ್ರವಾರ ತಟ್ಟೆಯನ್ನು ಬಿಚ್ಚಿ, ತೊಳೆದು, ಸೀರೆ ಅಂಗಡಿಯ ಕವರಿನಲ್ಲಿಟ್ಟು ಪೀಣ್ಯದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಇಣುಕಿ ನೋಡಿ, ಮೈಸೂರು ಪಾಕಿಗಾ ಸಾರ್ ಎಂದು ವಿಚಾರಿಸಿದರು. ಹೌದೆಂದೆ. ತುಪ್ಪ ಎಷ್ಟು ಹಾಕಬೇಕೆಂದು ಜಾಲಹಳ್ಳಿ ಕ್ರಾಸಿನವರೆಗೂ ಹೇಳಿಕೊಟ್ಟರು.

ಗ್ಯಾಸ್ಕೆಟ್ಟು ಕತ್ತರಿಸುವ ಅಂಗಡಿ ಎರಡು ಲೇತ್ ಶೆಡ್ಡುಗಳ ನಡುವೆ ಇತ್ತು. ಕೆಲಸಕ್ಕಿದ್ದದ್ದು ಕುಷ್ಟಗಿ ಕಡೆಯ ಒಬ್ಬ ಹೆಂಗಸು, ಐವತ್ತರ ಆಸುಪಾಸು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಕಾಂಕ್ರೀಟು ಹೊರುವುದಕ್ಕಿಂತ ಕಾರ್ಕು ಕತ್ತರಿಸುವುದು ಹಗುರವೆಂದು ಇಲ್ಲಿ ನಿಂತಳಂತೆ. ಅವಳು ತಟ್ಟೆಯನ್ನು ಹಾಳೆಯ ಮೇಲೆ ಇಡುವ ಮೊದಲು ಅದರ ಅಂಚಿನ ಸುತ್ತ ಬೆರಳು ಆಡಿಸಿದಳು. ಒಂದೊಂದು ಬೋಲ್ಟಿನ ತೂತಿನ ಹತ್ತಿರವೂ ಬೆರಳು ನಿಂತಿತು.

“ಯಾರ್ರಿ ಇದನ್ನ ಬಿಗದವ್ರು?”

ಮೂವತ್ತೊಂದು ವರ್ಷದ ಸೇವೆ ನನ್ನ ಕಣ್ಣ ಮುಂದೆ ಬಂತು. ಯಾರೋ ಮೆಕ್ಯಾನಿಕ್ಕು ಎಂದೆ.

ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅಂಚು ನೇರವಾಗಿರಲಿಲ್ಲ. ಪ್ರತಿ ತೂತಿನ ಸುತ್ತ ತಗಡು ಗುಳಿಬಿದ್ದು, ಎರಡು ತೂತುಗಳ ನಡುವೆ ಉಬ್ಬಿತ್ತು. ಬಿಗಿದಷ್ಟೂ ಗುಳಿ ಆಳವಾಗಿ, ಗ್ಯಾಸ್ಕೆಟ್ಟು ಅಲ್ಲಲ್ಲಿ ಜಜ್ಜಿ, ಉಳಿದ ಕಡೆ ಬಾಯಿ ಬಿಟ್ಟಿತ್ತು. ಅಂದರೆ ಸೋರಿಕೆಯನ್ನು ನಾನೇ ಒಂದೊಂದು ಸುತ್ತು ಹಾಕಿ ತಯಾರಿಸಿದ್ದೆ.

“ರೊಟ್ಟಿ ಬಡದಂಗ್ರಿ ಇದು. ಎಲ್ಲಾ ಕಡಿ ಸಮ ಒತ್ತಬೇಕು. ಒಂದ ಕಡಿ ಜೋರು ಒತ್ತಿದ್ರ ಅಲ್ಲೇ ಹರೀತೈತಿ.”

ತಟ್ಟೆಯ ಅಂಚನ್ನು ಕಬ್ಬಿಣದ ಸಪಾಟು ಹಲಗೆಯ ತುದಿಯ ಮೇಲೆ ಕೂರಿಸಿ, ಮರದ ತುಂಡೊಂದನ್ನು ನಡುವೆ ಇಟ್ಟು, ಸಣ್ಣ ಸುತ್ತಿಗೆಯಿಂದ ಒಂದೊಂದೇ ಗುಳಿಯನ್ನು ಹಿಂದಕ್ಕೆ ಕಳಿಸಿದಳು. ಆಮೇಲೆ ಕಾರ್ಕಿನ ಹಾಳೆಯಿಂದ ಒಂದೇ ಒಂದು ಗ್ಯಾಸ್ಕೆಟ್ಟು ಕತ್ತರಿಸಿದಳು. ಇನ್ನೊಂದು ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಬೇಕು, ಆಮೇಲೆ ಗಿಡ್ಡ ಸ್ಪ್ಯಾನರಿನಿಂದ, ಅದೂ ಎರಡೇ ಬೆರಳಲ್ಲಿ ಹಿಡಿದು. ಒಂದು ಬೋಲ್ಟು ಈ ಕಡೆ ಆದರೆ ಮುಂದಿನದು ಎದುರು ಕಡೆ. ಸಾಕು ಅನ್ನಿಸುವುದಕ್ಕಿಂತ ಒಂದು ಕ್ಷಣ ಮೊದಲೇ ನಿಲ್ಲಿಸಬೇಕು. ಇಷ್ಟು ಉಪದೇಶಿಸಿ ಪೊಟ್ಟಣ ಕೊಡುವಾಗ ನನ್ನ ಉಗುರುಗಳ ಸಂದಿಯ ಕೆಂಪನ್ನು ನೋಡಿದಳು.

“ಆ ಮೆಕ್ಯಾನಿಕ್ ನಿಮ್ಮ ಮನ್ಯಾಗ ಇರ್ತಾನೇನ್ರಿ?”

ಇರ್ತಾನೆ ಎಂದು ಒಪ್ಪಿಕೊಂಡೆ. ಪಕ್ಕದ ಲೇತಿನವರೂ ನಕ್ಕರು. ಅವಮಾನವಾಗಬೇಕಿತ್ತು, ಯಾಕೋ ನನಗೂ ನಗು ಬಂದು, ಅಲ್ಲೇ ನಿಂತು ಒಂದು ಟೀ ಕುಡಿದು ಬಂದೆ.

ಭಾನುವಾರ ಬೆಳಿಗ್ಗೆ ಕಾರಿನ ಮುಂದಿನ ಚಕ್ರಗಳನ್ನು ಮರದ ಇಳಿಜಾರಿನ ಮೇಲೆ ಹತ್ತಿಸಿ, ಚಾಪೆ ಹಾಸಿ ಕೆಳಗೆ ತೂರಿದೆ. ಹೆಂಡತಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕೂತಳು. ನನ್ನ ಉದ್ದನೆಯ ಸ್ಪ್ಯಾನರನ್ನು ಮುಟ್ಟುಗೋಲು ಹಾಕಿಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಈ ಕಾರನ್ನು ಹದಿನೈದು ವರ್ಷದಿಂದ ಸವತಿ ಎಂದು ಕರೆಯುತ್ತಿದ್ದವಳು ಅವತ್ತು ಎಡ, ಬಲ, ಹಿಂದೆ, ಮುಂದೆ ಎಂದು ಬೋಲ್ಟಿನ ಸರದಿಯನ್ನು ರಂಗೋಲಿಯ ಚುಕ್ಕಿ ಎಣಿಸುವ ಶ್ರದ್ಧೆಯಿಂದ ಎಣಿಸಿದಳು. ಹದಿನಾಲ್ಕನೆಯ ಬೋಲ್ಟು ಮೆತ್ತಗೆ ಕೂತಿತು. ನನ್ನ ಮಣಿಕಟ್ಟು ತನ್ನಷ್ಟಕ್ಕೆ ಇನ್ನೊಂದು ಸುತ್ತು ಹಾಕಲು ಸಿದ್ಧವಾಯಿತು.

“ಅನ್ನಬೇಡಿ,” ಎಂದಳು ಮೇಲಿಂದ.

“ನಾನೇನೂ ಅಂದಿಲ್ವಲ್ಲೇ.”

“ಅನ್ನೋಕ್ ಹೊರಟಿದ್ರಿ. ಕೈ ತೆಗೀರಿ ಈಚೆಗೆ.”

ತೆಗೆದೆ. ಬೋಲ್ಟುಗಳ ವಿಷಯದಲ್ಲಿ ನನ್ನ ಜೀವಮಾನದ ಅತಿ ದೊಡ್ಡ ತ್ಯಾಗ ಅದು. ಹೊಸ ಎಣ್ಣೆ ಹುಯ್ದು, ಇಬ್ಬರೂ ಕೂತು ರೈಲು ನಿಲ್ದಾಣದವರೆಗೆ ಹೋಗಿಬಂದೆವು. ದಾರಿಯುದ್ದಕ್ಕೂ ಗೇರು ಬೆಣ್ಣೆಯಂತೆ ಬಿತ್ತು. ಹೆಂಡತಿ ಕಿಟಕಿಯ ಮೇಲೆ ಮೊಣಕೈ ಊರಿ, ಪರಿಚಯದವರು ಯಾರಾದರೂ ಕಾಣುತ್ತಾರೋ ಎಂದು ಹುಡುಕುತ್ತಿದ್ದಳು. ಬಂದು ನಿಲ್ಲಿಸಿ, ಕೆಳಗೆ ಬಿಳಿ ಡ್ರಾಯಿಂಗ್ ಹಾಳೆ ಹಾಸಿದೆ. ಈ ಜಾತಿಯ ಗೇರ್‌ಬಾಕ್ಸು ಓಡುವಾಗಿನದಕ್ಕಿಂತ ನಿಂತಾಗಲೇ ಹೆಚ್ಚು ಸೋರುತ್ತದೆ. ಪರೀಕ್ಷೆ ಶುರುವಾಗುವುದೇ ಈಗ.

ಸೋಮವಾರ ಹತ್ತಕ್ಕೆ ಕಾರ್ಯದರ್ಶಿಯವರು ಟಾರ್ಚಿನೊಂದಿಗೆ ಬಂದರು. ಮೊಣಕಾಲಿನ ನೋವನ್ನು ಬದಿಗಿಟ್ಟು ಬಗ್ಗಿದರು. ನಾನೂ ಬಗ್ಗಿದೆ. ಬೆಳಕಿನ ವೃತ್ತ ಹಾಳೆಯ ಮೇಲೆ ಹರಿದು, ಮುಂದಿನ ಅಂಚಿನಲ್ಲಿ ನಿಂತಿತು. ಅಲ್ಲಿ ಒಂದು ಕೆಂಪು ಚುಕ್ಕೆ.

ಎಣ್ಣೆಯಲ್ಲ ಎಂದು ನನ್ನ ಅಂತರಾತ್ಮಕ್ಕೆ ಗೊತ್ತು, ಏಕೆಂದರೆ ತಟ್ಟೆ ಇದ್ದದ್ದು ಮೂರಡಿ ಹಿಂದೆ. ಆದರೆ ನನ್ನ ಬಾಯಿಂದ ಬಂದದ್ದು ಹಳೆಯ ಪಾಠವೇ: ಕುಂಕುಮ ಇರಬೇಕು ಮೇಡಂ. ಅವರು ಶಾಲೆಯ ಮೂವತ್ತು ವರ್ಷದ ಸುಳ್ಳುಗಳನ್ನೆಲ್ಲ ಒಟ್ಟಿಗೆ ಕೇಳಿದವರಂತೆ ನನ್ನನ್ನು ನೋಡಿದರು. ಆಗ ಹಿಂದೆ ನಿಂತಿದ್ದ ಹೆಂಡತಿ ಕೆಮ್ಮಿದಳು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಬಂದು ಕಾರಿನ ಹಣೆಗೆ ಒಂದು ಬೊಟ್ಟು ಇಟ್ಟು ಹೋದಳಂತೆ. ಒಂದು ಸಾಲದೆಂದು ಪಕ್ಕದಲ್ಲಿ ಇನ್ನೊಂದು. ಯಾಕೆಂದು ಅವಳೇ ನೆಲ ನೋಡುತ್ತ ಹೇಳಿದಳು: ಇರ್ಲಿ ಅಂತ.

ಕಾರ್ಯದರ್ಶಿಯವರು ಚುಕ್ಕೆಯನ್ನು ಬೆರಳಿಗೆ ಹಚ್ಚಿ ಉಜ್ಜಿದರು. ಪುಡಿಪುಡಿಯಾಗಿ ಉದುರಿತು. ಮೂಸಿದರು. ಟಾರ್ಚನ್ನು ಮತ್ತೊಮ್ಮೆ ಗೇರ್‌ಬಾಕ್ಸಿನ ಕೆಳಗೆ ಆಡಿಸಿ, ಒಣಗಿದ ಹದಿನಾಲ್ಕು ಬೋಲ್ಟುಗಳನ್ನು ಹಾಜರಿ ತೆಗೆದುಕೊಳ್ಳುವಂತೆ ಒಂದೊಂದಾಗಿ ನೋಡಿ, ಕಾರಿನ ಬಾನೆಟ್ಟು ಹಿಡಿದು ನಿಧಾನವಾಗಿ ಎದ್ದರು.

“ಖರೇನ ಕುಂಕುಮ ಐತಲ್ರೀ,” ಎಂದು ಟಾರ್ಚು ಆರಿಸಿದರು. “ಇರ್ಲಿ ಬಿಡ್ರಿ ಗಾಡಿ.”