ಎಡೆ ಇಟ್ಟ ಮೇಲಿನ ದಿಬ್ಬ

ದಿಬ್ಬದ ಹೊಲದ ಬೆಟ್ಟಮ್ಮ, ವಯಸ್ಸು ಐವತ್ತೊಂದು. ಬಸರಾಳಿನ ಒಕ್ಕಲು ಮನೆತನದ ಮಗಳು, ಪೂರಿಗಾಲಿಯ ದಿವಂಗತ ಮಂಚಯ್ಯನವರ ಪತ್ನಿ, ಮಲ್ಲಿಗಮ್ಮನ ತಾಯಿ. 1947ರ ಬೇಸಿಗೆಯಲ್ಲಿ ತೀರಿಕೊಂಡರು. ಅವರು ಸುಮ್ಮನೆ ಕುಳಿತದ್ದನ್ನು ಕಂಡವರು ಕಡಿಮೆ. ಉಣ್ಣುವಾಗಲೂ ಒಂದು ಮೊಣಕಾಲು ಎತ್ತಿಟ್ಟು, ಈಗಲೇ ಎದ್ದು ಹೊರಡುವವರಂತೆ ಇರುತ್ತಿದ್ದರು.

ಬಸರಾಳಿನ ಗುಡಿಯನ್ನು ಯಾರು ಕಟ್ಟಿಸಿದರೆಂಬುದನ್ನು ಅಲ್ಲಿಯ ಶಾಸನದ ಕಲ್ಲೇ ಹೇಳುತ್ತದೆ. ಓದು ಬಾರದ ಬೆಟ್ಟಮ್ಮನವರಿಗೂ ಅದು ಬಾಲ್ಯದಿಂದ ತಿಳಿದಿತ್ತು. ಮದುವೆಯಾಗಿ ಬಂದ ಪೂರಿಗಾಲಿಯಲ್ಲಿ, ಹೊಳೆಗೆ ಇಳಿಯುವ ದಾರಿಯ ಪಕ್ಕದ ಅವರ ಹೊಲದಲ್ಲಿ, ಬೂದುಬಣ್ಣದ ದಿಬ್ಬವೊಂದಿತ್ತು. ಎಂದೋ ಊರಿದ್ದು ಹಾಳಾದ ಜಾಗ. ಅಲ್ಲಿಯ ಮಣ್ಣು ಬೆಳೆಗೆ ಗೊಬ್ಬರಕ್ಕಿಂತ ಮೇಲು. ಜನ ಅದನ್ನು ಗಾಡಿಗೆ ಹೇರಿ ಗದ್ದೆಗೆ ಸುರಿಯುತ್ತಿದ್ದರು; ಜೊತೆಯಲ್ಲಿ ಬಂದ ಮಡಕೆಯ ಚೂರುಗಳನ್ನು ಬದುವಿಗೆ ಎಸೆಯುತ್ತಿದ್ದರು. ಮಡಕೆ ಯಾರದೆಂದು ಹೊಸ ಸೊಸೆ ಕೇಳಿದಾಗ ಅತ್ತೆ ಕೊಟ್ಟ ಉತ್ತರ, "ಯಾರ್ದೋ ಕಣಮ್ಮ, ಮಣ್ಣ್ ಒರು." ಆ 'ಯಾರದೋ' ಎಂಬ ಮಾತು ಅವರನ್ನು ನೆಮ್ಮದಿಯಾಗಿರಲು ಬಿಡಲಿಲ್ಲ.

ಯುದ್ಧ ಶುರುವಾದ ವರ್ಷ, ಮಳವಳ್ಳಿಯ ನಿವೃತ್ತ ಉಪಾಧ್ಯಾಯರಾದ ಪುಟ್ಟಸ್ವಾಮಿಯವರು ಹೊಳೆಬಯಲಿನ ಹಳೆಯ ಊರುಗಳನ್ನು ಶೋಧಿಸುವ ಸಂಘವೊಂದನ್ನು ಕಟ್ಟಿದರು. ಸರ್ಕಾರದ ನೆರವಿರಲಿಲ್ಲ. ರೈತರು ರಾಗಿ, ಬೆಲ್ಲ, ಗಾಡಿ ಕೊಟ್ಟರು. ಹತ್ತಿರದ ಜಲಪಾತದ ಬಳಿ ಬ್ಲಫ್ ಎಂಬಲ್ಲಿದ್ದ ವಿದ್ಯುತ್ ಕೇಂದ್ರದ ಕೆಲವು ನೌಕರರು ಹಗ್ಗ ಮತ್ತು ತಂತಿಬಲೆ ಒದಗಿಸಿದರು. ಮಳವಳ್ಳಿಯ ಮೆಕ್ಯಾನಿಕ್ ಬಾಬು ಜಾನ್ ಆ ಬಲೆಯಿಂದ ತೂಗುವ ಜರಡಿ ಮಾಡಿದ. ಅಗೆದ ಮಣ್ಣನ್ನು ಜರಡಿ ಹಿಡಿದ ಮೇಲೆ, ಕೆಲಸಕ್ಕೆ ಬಂದ ಮನೆಗಳೇ ಅದನ್ನು ಗದ್ದೆಗೆ ಒಯ್ಯಬೇಕೆಂಬುದು ಒಪ್ಪಂದ. ಬೆಟ್ಟಮ್ಮನವರು ಅಗೆಯಲು ತಮ್ಮ ದಿಬ್ಬವನ್ನೇ ಬಿಟ್ಟುಕೊಟ್ಟರು.

ಜರಡಿಯಿಂದ ಗುಂಡಿಗೆ, ಗುಂಡಿಯಿಂದ ಜರಡಿಗೆ ಅವರ ಓಡಾಟ ನೋಡಿ ಬಾಬು ಜಾನ್ ರೇಗಿಸಿದ: "ಕುತ್ಕೊಳ್ಳಿ ಬೆಟ್ಟಮ್ಮೋರೆ, ಮಣ್ಣು ಎಲ್ಲೂ ಓಡೋಗಲ್ಲ."

"ಮಣ್ಣು ಓಗಲ್ಲ ಕಣಪ್ಪ, ನಾನು ಓಯ್ತೀನಲ್ಲ."

ಎರಡನೆಯ ವರ್ಷ ತಳದಲ್ಲಿ ಎರಡು ದೊಡ್ಡ ಮಣ್ಣಿನ ಗುಡಾಣಗಳು ಕಂಡವು. ಒಡೆದಿದ್ದ ಒಂದರಲ್ಲಿ ಮೂಳೆಗಳಿದ್ದವು. ಇನ್ನೊಂದರ ಬಾಯಿಗೆ ಮುಚ್ಚಿದ ಚಪ್ಪಡಿ ಅಲುಗಿರಲಿಲ್ಲ. ಸತ್ತವರ ಜೊತೆಗೆ ಅವರು ಬಳಸಿದ ವಸ್ತುಗಳನ್ನೂ ಇಟ್ಟಿರುತ್ತಾರೆ, ಅದನ್ನು ತೆರೆದರೆ ಇವರು ಯಾರು, ಏನು ಮಾಡಿಕೊಂಡಿದ್ದವರು ಎಂಬುದು ತಿಳಿದೀತು ಎಂದು ಮೇಷ್ಟ್ರು ಹೇಳಿದರು. ಬೆಟ್ಟಮ್ಮನವರು ಬಯಸಿದ್ದು ಅಷ್ಟೇ.

ಆದರೆ ಮೂಳೆ ಕಂಡ ಕೂಡಲೇ ಆಳುಗಳು ಮಂಕರಿ ಕೆಳಗಿಟ್ಟರು. ಯಾರ ಮೂಳೆಯೋ, ಎಷ್ಟು ಕಾಲದಿಂದ ಅನ್ನ ನೀರು ಕಾಣದೆ ಹಸಿದಿವೆಯೋ ಎಂಬ ಭಯ. ಅಕ್ಕಪಕ್ಕದ ಹಳ್ಳಿಯವರು ಗಾಡಿಗಳನ್ನು ವಾಪಸ್ಸು ಕರೆಸಿಕೊಂಡರು. ಸಂಘಕ್ಕೆ ಇದ್ದ ಬಲವೇ ಆ ಜನ, ಆ ಗಾಡಿ.

ಭಯ ಹಸಿವಿನದಾದರೆ ಅದಕ್ಕೆ ಪರಿಹಾರ ಅನ್ನವೇ ಎಂದು ಬೆಟ್ಟಮ್ಮನವರು ತೀರ್ಮಾನಿಸಿದರು, ಯಾರನ್ನೂ ಕೇಳಲಿಲ್ಲ. ಮಾರ್ನಮಿ ಹಬ್ಬದ ದಿನ ತಮ್ಮ ಮನೆಯ ಹಿರಿಯರಿಗೆ ಎಡೆ ಇಟ್ಟ ಬಳಿಕ ದಿಬ್ಬಕ್ಕೂ ಅಡುಗೆ ಹೊತ್ತರು. ಸತ್ತವರು ಮಾಂಸ ತಿನ್ನುವವರೋ ಅಲ್ಲವೋ ತಿಳಿಯದ್ದರಿಂದ ಎರಡು ಎಲೆ ಹಾಕಿದರು. ಹೆಣ್ಣೋ ಗಂಡೋ ತಿಳಿಯದ್ದರಿಂದ ಸೀರೆಯನ್ನೂ ಪಂಚೆಯನ್ನೂ ಇಟ್ಟರು. ಧೂಪ ಹಾಕಿ, "ಯಾರಾರೂ ಆಗಿರಿ, ಬಂದು ಉಂಡೋಗಿ" ಎಂದು ಕರೆದರು.

ಜನರ ಭಯ ಹೋಯಿತು. ಹಬ್ಬ ಮುಗಿದ ಮೇಲೆ ಎಲ್ಲರೂ ದಿಬ್ಬದ ಹತ್ತಿರ ಸೇರಿದರು. ಆದರೆ ಗುಂಡಿಗೆ ಯಾರೂ ಇಳಿಯಲಿಲ್ಲ. ಬೆಟ್ಟಮ್ಮನವರ ಮೈದುನ ಕೆಂಪಸಿದ್ದಯ್ಯ ಗುದ್ದಲಿಯನ್ನು ಅವರ ಮುಂದೆ ಹಿಡಿದ.

"ಎಡೆ ಇಕ್ಕಿದ್ದಾಯ್ತಲ್ಲ ಅತ್ಗೆ, ಈಗ ಇವ್ರು ನಮ್ಮನೆ ಹಿರೀಕರು. ಬ್ಯಾರೆಯೋರು ಗುದ್ಲಿ ಆಕಂಗಿಲ್ಲ. ನೀನೇ ಆಕು."

ಅವರು ಗುದ್ದಲಿ ತೆಗೆದುಕೊಂಡರು. ಗುಂಡಿಗೆ ಇಳಿದು ಚಪ್ಪಡಿಯ ಅಂಚಿನಲ್ಲಿ ನಿಂತರು. ಇದು ಸಾವಿರಾರು ವರ್ಷದ ಹಿಂದಿನವರ ಸಮಾಧಿ, ಯಾರ ಮನೆಯವರೂ ಅಲ್ಲ ಎಂದು ಮೇಷ್ಟ್ರು ಮೇಲಿನಿಂದ ಬೇಡಿಕೊಂಡರು. ಬೆಟ್ಟಮ್ಮನವರು ಬಹಳ ಹೊತ್ತು ಕದಲಲಿಲ್ಲ. ಅವರನ್ನು ಅಷ್ಟು ಸ್ಥಿರವಾಗಿ ಊರು ನೋಡಿದ್ದು ಅದೊಂದೇ ಸಲ.

"ಯಾರೋ ಆಗಿದ್ದಿದ್ರೆ ನಾನೇ ಮುಚ್ಚಳ ತೆಗೀತಿದ್ದೆ ಮೇಷ್ಟ್ರೆ. ಉಣ್ಣಾಕೆ ಕರೆದ್ಬುಟ್ಟೆ. ಕರೆದೋರ್ನ ಕೆದಕೋದೆಂಗೆ?"

ಸಂಘದ ಕೆಲಸವನ್ನು ನೀವೇ ಕೆಡಿಸಿದಿರಿ ಎಂದು ಮೇಷ್ಟ್ರು ಕಟುವಾಗಿ ನುಡಿದರು. ಅದು ಸುಳ್ಳಲ್ಲ. ಬಾಬು ಜಾನ್ ಜರಡಿಯನ್ನು ಬಿಚ್ಚಿ ಗಾಡಿಗೆ ಹಾಕಿದ.

ಮುಂದೆ ಸಂಘ ಮದ್ದೂರಿನ ಬಳಿ, ಶಿಂಷಾ ಹೊಳೆಯ ದಂಡೆಯಲ್ಲಿ ಬೇರೊಂದು ದಿಬ್ಬ ಹಿಡಿಯಿತು. ಬೆಟ್ಟಮ್ಮನವರು ಹೊಲವನ್ನು ಮೈದುನನಿಗೆ ಬೆಳೆಯ ಪಾಲಿಗೆ, ವಾರಕ್ಕೆ ಕೊಟ್ಟು, ಬಸ್ಸು ಹತ್ತಿ ಅಲ್ಲಿಗೆ ಹೋದರು. ಕರೆದವರಿಲ್ಲ, ವಾಪಸ್ಸು ಕಳಿಸುವ ಧೈರ್ಯ ಮೇಷ್ಟ್ರಿಗೂ ಬರಲಿಲ್ಲ. ಸುಗ್ಗಿ ಕಳೆದೊಡನೆ ಪ್ರತಿ ವರ್ಷ ಹೋಗಿ ಜರಡಿ ಹಿಡಿದರು. ಕಡೆಗೆ ಅಲ್ಲಿಯೂ ಮುಚ್ಚಿದ ಗುಡಾಣವೊಂದು ಸಿಕ್ಕಿತು, ತೆರೆದರು. ಒಳಗೆ ಕಬ್ಬಿಣದ ಕುಡುಗೋಲು, ಕೆಂಪು ಮಣಿಗಳು, ಮಕ್ಕಳ ಕೈಗೆ ಹೊಂದುವಂಥ ಸಣ್ಣ ಬಟ್ಟಲು. ಎಲ್ಲರೂ ಹಿಗ್ಗಿದರು. ಈಗಲಾದರೂ ತಿಳಿಯಿತಲ್ಲ ಎಂದು ಬಾಬು ಜಾನ್ ಸಮಾಧಾನ ಹೇಳಿದ.

"ಇವ್ರ್ದು ತಿಳೀತು ಬಾಬಣ್ಣ. ನಮ್ಮೋರ್ದು ತಿಳೀಲಿಲ್ಲ."

ಅಂದು ಸಂಜೆಯ ಬಸ್ಸಿಗೇ ಊರಿಗೆ ಹೊರಟರು. ಬಂದವರು ಮನೆಗೆ ಹೋಗದೆ ನೇರವಾಗಿ ದಿಬ್ಬಕ್ಕೆ ಹೋಗಿ, ಮಲ್ಲಿಗಮ್ಮ ಬಂದು ಕರೆಯುವವರೆಗೂ ಅದನ್ನು ಸುತ್ತುತ್ತಿದ್ದರು. ಮರುವರ್ಷದ ಬೇಸಿಗೆಯಲ್ಲಿ ಜ್ವರ ಬಂತು. ಮಲಗಿರಲಾರದೆ ಎದ್ದೆದ್ದು ಬಾಗಿಲಿಗೆ ಬರುತ್ತಿದ್ದರು. ದಿಬ್ಬದ ಗುಡಾಣ ತೆರೆಯಲೇ ಎಂದು ಮಗಳು ಕೊನೆಗೆ ಕೇಳಿದಳು. ಬೇಡವೆಂದು ಕೈಯಾಡಿಸಿದರು.

ಅವರು ಬಿಟ್ಟುಹೋದದ್ದು: ಮೂರು ಎಕರೆ ಹೊಲ, ಅದರ ನಡುವೆ ಉಳದೆ ಬಿಟ್ಟ ದಿಬ್ಬ. ಮದ್ದೂರಿನಲ್ಲಿ ಸಂಘದ ಬಾಡಿಗೆ ಕೊಠಡಿಯಲ್ಲಿ, ಅವರು ತೊಳೆದು ಜೋಡಿಸಿದ ಚೂರುಗಳ ಎರಡು ಗೂಡೆ. ಹಾಲು ಕರೆಯುವ ಒಂದು ಎಮ್ಮೆ. ಸವೆದ ಒಂದು ಜೊತೆ ಮೆಟ್ಟು. ಮಾರ್ನಮಿಗೆ ಒಂದು ಸೀರೆ, ಒಂದು ಪಂಚೆ ಹೆಚ್ಚಾಗಿ ತರಬೇಕಾದ ಮಗಳು. ತೆರೆಯದ ಒಂದು ಗುಡಾಣ.